ಎರಡನೆಯ ಭಾಗದ ಐದು ಗೇಟುಗಳು

ಯಾವುದಾದರೂ ವಸ್ತುವನ್ನು ಜೋಪಾನವಾಗಿ ಇಟ್ಟುಕೊಳ್ಳಲು ನನ್ನಷ್ಟು ಯೋಗ್ಯನಾದ ಮನುಷ್ಯ ಶಹಾಪುರದಲ್ಲಿ ಇನ್ನೊಬ್ಬನಿಲ್ಲ ಎಂಬ ನಂಬಿಕೆ ನಮ್ಮ ಬಂಧುಬಳಗದಲ್ಲಿದೆ. ಆ ನಂಬಿಕೆಯನ್ನು ಹುಟ್ಟಿಸಿದವನು ನಾನೇ. ಊರಿಗೆ ಹೋಗುವವರು ಮನೆಯ ಕೀಲಿ ಕೊಟ್ಟು ಹೋಗುತ್ತಾರೆ, ಜಗಳವಾಡಿದ ಅಣ್ಣತಮ್ಮಂದಿರು ಹೊಲದ ಪತ್ರ ತಂದಿಡುತ್ತಾರೆ. ಹೀಗಿರುವಾಗ, ಸುರಪುರದಲ್ಲಿರುವ ನನ್ನ ಹೆಂಡತಿಯ ತಮ್ಮ ಮಲ್ಲಿಕಾರ್ಜುನನಿಗೆ, ಮಕ್ಕಳ ಪರೀಕ್ಷೆ ಮುಗಿಯುವತನಕ ಅವರ ಆಟದ ಯಂತ್ರವನ್ನು ಎಲ್ಲಿ ಬಚ್ಚಿಡುವುದು ಎಂಬ ಚಿಂತೆ ಬಂದಾಗ ನನ್ನ ನೆನಪಾದದ್ದು ಸಹಜ. "ಭಾವಾರ, ನಮ್ಮ ಮನ್ಯಾಗ ಎಲ್ಲಿಟ್ರೂ ಹುಡುಕಿ ತಗೀತಾವ. ನಿಮ್ಮ ಕಪಾಟದಾಗ ಇಟ್ಟು ಕೀಲಿ ಹಾಕ್ರಿ. ನೀವಂತೂ ಇಂಥಾದ್ದು ಮುಟ್ಟೋ ಪೈಕಿ ಅಲ್ಲ" ಎಂದ. ನಾನು ಗಂಭೀರವಾಗಿ ತಲೆಯಾಡಿಸಿ, ಅವನ ಕಣ್ಣೆದುರಿಗೇ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಕೀಲಿ ಮಾತ್ರ ನನ್ನ ಜೇಬಿನಲ್ಲೇ ಉಳಿಯಿತು.

ಹಿಂದಿನ ವರ್ಷದ ಪರೀಕ್ಷೆಯಲ್ಲೂ ಆ ಯಂತ್ರ ನಮ್ಮಲ್ಲಿಗೇ ಬಂದಿತ್ತು. ಎರಡು ಅಂಗೈ ಅಗಲದ ಪುಟ್ಟ ಯಂತ್ರ; ಅದರೊಳಗೆ ಖಡ್ಗ ಹಿಡಿದ ಒಬ್ಬ ವೀರ, ಅವನಿಗೆ ಮೂವರು ಜೊತೆಗಾರರು, ಮಂತ್ರತಂತ್ರ, ಹೆಜ್ಜೆಗೊಬ್ಬ ರಾಕ್ಷಸ. ಆ ಸಲ ನಾನು ಮೊದಲ ಭಾಗವನ್ನು ಕದ್ದು ಆಡಿ ಪೂರ್ತಿ ಮುಗಿಸಿದ್ದೆ. ಈ ಸಲ ಬಂದದ್ದು ಎರಡನೆಯ ಭಾಗ. ಆದ್ದರಿಂದ ಎರಡನ್ನೂ ತೂಗಿ ಅಭಿಪ್ರಾಯ ಹೇಳುವ ಅಧಿಕಾರ ಸುತ್ತಲಿನ ಮೂರು ತಾಲೂಕಿನಲ್ಲಿ ನನಗಿರುವಷ್ಟು ಬೇರೆ ಯಾವ ಐವತ್ನಾಲ್ಕರ ಗುಮಾಸ್ತನಿಗೂ ಇರಲಾರದು ಎಂದು ಧೈರ್ಯವಾಗಿ ಹೇಳುತ್ತೇನೆ.

ಮೊದಲು ಒಳ್ಳೆಯದನ್ನೇ ಹೇಳೋಣ. ಎರಡನೆಯ ಭಾಗದ ರಾಜ್ಯ ಮೊದಲನೆಯದರ ಮೂರು ಪಟ್ಟು ದೊಡ್ಡದು. ನಡೆದಷ್ಟೂ ಊರುಗಳು ಸಿಗುತ್ತವೆ. ಮೊದಲ ಭಾಗದಲ್ಲಿ ರಾಕ್ಷಸರು ಹೇಳದೆ ಕೇಳದೆ ಮೈಮೇಲೆ ಬೀಳುತ್ತಿದ್ದರು, ಇದರಲ್ಲಿ ದೂರದಿಂದಲೇ ಕಾಣುತ್ತಾರೆ. ಬೇಡವೆಂದರೆ ಸುತ್ತು ಹಾಕಿ ಹೋಗಬಹುದು. ಮೇಲಧಿಕಾರಿಗಳನ್ನು ಹೀಗೆ ತಪ್ಪಿಸಿ ಮೂವತ್ತು ವರ್ಷ ನೌಕರಿ ಮಾಡಿದ ನನಗೆ ಈ ಸುಧಾರಣೆ ಬಹಳ ಹಿಡಿಸಿತು. ಜೊತೆಗಾರರಿಗೂ ಈ ಸಲ ಬಾಯಿ ಬಂದಿದೆ. ಮದ್ದು ಕೊಡುವ ಹೆಣ್ಣುಮಗಳನ್ನು ನಾಲ್ಕು ಯುದ್ಧದಲ್ಲಿ ಮರೆತರೆ ಐದನೆಯದರಲ್ಲಿ ಮುನಿಸಿಕೊಂಡು ಹಿಂದೆ ನಿಲ್ಲುತ್ತಾಳೆ. ಇದನ್ನು ಬರೆದವನಿಗೆ ಮದುವೆಯಾಗಿದೆ ಎಂದುಕೊಂಡೆ.

ಇನ್ನು ಕೊರತೆಗಳು. ಅಕ್ಷರಗಳು ಎಳ್ಳಿನಷ್ಟು ಸಣ್ಣವು. ಯಾದಗಿರಿಯ ಬಸ್ಸಿನಲ್ಲಿ ಒಮ್ಮೆ ಅದನ್ನು ಮೂಗಿಗೆ ತಾಗಿಸಿಕೊಂಡು ಆಡುತ್ತಿದ್ದಾಗ ಪಕ್ಕದ ಹಿರಿಯರು, "ಸಾಹೇಬ್ರ, ಬಿಪಿ ಎಷ್ಟ್ ತೋರಿಸ್ತದ್ರಿ?" ಎಂದು ಕನಿಕರದಿಂದ ಕೇಳಿದರು. ನೂರಾ ನಲವತ್ತು ಎಂದು ಹೇಳಿ ಪಾರಾದೆ. ಎರಡನೆಯದಾಗಿ, ಯಾವ ಊರಿಗೆ ಹೋದರೂ ಜನ ಕೆಲಸ ಹೇಳುತ್ತಾರೆ. ಒಬ್ಬನ ಮೇಕೆ ಕಳೆದಿದೆ, ಒಬ್ಬಳ ಉಂಗುರ ಬಾವಿಗೆ ಬಿದ್ದಿದೆ. ಲೋಕ ಮುಳುಗುತ್ತಿರುವಾಗ ವೀರನಾದವನು ಮೇಕೆ ಹುಡುಕುತ್ತಾ ಕೂರಬೇಕು. ಆದರೆ ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯದು. ಆಡಿದ್ದನ್ನು ಉಳಿಸಿಡಲು ಮೊದಲ ಭಾಗದಲ್ಲಿ ಮೂರು ಜಾಗ ಇದ್ದವು, ಇದರಲ್ಲಿ ಇರುವುದು ಒಂದೇ. ಆ ಒಂದರಲ್ಲಿ ಮಕ್ಕಳ ಆಟವಿತ್ತು. ಅವರು ಹಿಮದ ಅರಮನೆಯವರೆಗೆ ಹೋಗಿದ್ದರು. ನಾನು ಹೊಸದಾಗಿ ಆಟ ಶುರುಮಾಡಿ, ಅರ್ಧ ತಾಸಿನ ನಂತರ ಉಳಿಸಲು ಹೋದಾಗ, ಯಂತ್ರ ಸಣ್ಣ ಇಂಗ್ಲಿಷಿನಲ್ಲಿ ಏನೋ ಕೇಳಿತು. ಕಚೇರಿಯಲ್ಲಿ ಪೆನ್ಸಿಲ್ ಗುರುತು ಇದ್ದ ಕಡೆಯೆಲ್ಲ ಓದದೆ ಸಹಿ ಹಾಕುವ ಅಭ್ಯಾಸ ನನ್ನದು. ಹೂಂ ಎಂದು ಒತ್ತಿದೆ. ಮಕ್ಕಳ ನಾಲ್ಕು ತಿಂಗಳ ದುಡಿಮೆ ಅಳಿಸಿಹೋಯಿತು.

ಅಂದಿನಿಂದ ಅದು ನನಗೆ ಆಟವಾಗಿ ಉಳಿಯಲಿಲ್ಲ. ಪರೀಕ್ಷೆ ಮುಗಿದು ಯಂತ್ರ ವಾಪಸು ಹೋಗುವುದರೊಳಗೆ ಹಿಮದ ಅರಮನೆ ಮುಟ್ಟಲೇಬೇಕು. ಇಲ್ಲದಿದ್ದರೆ ಬಂಧುಬಳಗದಲ್ಲಿ ನನ್ನ ಮರ್ಯಾದೆ ಮೂರಾಬಟ್ಟೆ. ಮುಂಜಾನೆ ಸ್ನಾನಕ್ಕೆ ಮುಂಚೆ ಆಡಿದೆ, ಊಟದ ಬಿಡುವಿನಲ್ಲಿ ದಾಖಲೆ ಕೋಣೆಯ ಬಾಗಿಲು ಅರೆ ಮುಚ್ಚಿಕೊಂಡು ಆಡಿದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಕೊನೆಯ ವಾರದಲ್ಲಿ ಕಾಲುವೆ ಬರುವವರೆಗೆ. ಗುಡ್ಡದ ಮೇಲೊಂದು ಕೆರೆ, ಅದರಿಂದ ಇಳಿದು ಬರುವ ಕಾಲುವೆ, ಕಾಲುವೆಯ ಬದಿಗೆ ಒಂದೊಂದು ಹೊಂಡಕ್ಕೆ ನೀರು ಬಿಡುವ ಐದು ಗೇಟು. ಕೊನೆಯ ಗೇಟಿನ ಕೆಳಗಿರುವ ಹೊಂಡ ತುಂಬಿದರೆ ದೋಣಿ ತೇಲುತ್ತದೆ, ಅರಮನೆಗೆ ದಾರಿಯಾಗುತ್ತದೆ. ನೋಡಿ ನನಗೆ ನಗು ಬಂತು. ನಾರಾಯಣಪುರದ ಅಣೆಕಟ್ಟಿನ ನೀರು ನಮ್ಮ ಕಡೆ ಹರಿಯತೊಡಗಿದಂದಿನಿಂದ ಯಾವ ಹೊಲಕ್ಕೆ ಯಾವಾಗ ನೀರು ಎಂಬ ಸರದಿಪಟ್ಟಿ ಬರೆಯುವುದೇ ನಮ್ಮ ಕಚೇರಿಯ ಕೆಲಸ, ಮತ್ತು ಆ ಪಟ್ಟಿಯ ಅಕ್ಷರ ನನ್ನದು. ಮೊದಲ ಗೇಟು ತೆಗೆದೆ, ಎರಡನೆಯದು ತೆಗೆದೆ, ಮೂರನೆಯದು ತೆಗೆಯುವಷ್ಟರಲ್ಲಿ ನೀರು ಮುಗಿಯಿತು. ಕೆರೆ ಮತ್ತೆ ತುಂಬಬೇಕಾದರೆ ಗುಡ್ಡ ಹತ್ತಿ ಅಲ್ಲಿರುವ ಒಕ್ಕಣ್ಣಿನ ದೈತ್ಯನನ್ನು ಹೊಡೆಯಬೇಕು. ಹೊಡೆದೆ. ಮತ್ತೆ ನೀರು ಮೂರನೆಯ ಗೇಟಿಗೇ ಮುಗಿಯಿತು. ಹೀಗೆ ಆರು ಸಲ. ಕೊನೆಕೊನೆಗೆ ಆ ದೈತ್ಯ ನನ್ನ ಗುರುತು ಹಿಡಿಯುತ್ತಿದ್ದಾನೆ ಎನ್ನಿಸಿತು.

ಶನಿವಾರ ಮಧ್ಯಾಹ್ನ ನನ್ನ ಹೆಂಡತಿ ಮಹಾದೇವಿ ದೋರನಹಳ್ಳಿಯ ಶಾಲೆಯಿಂದ ಬಂದವಳು, ಚೀಲ ಇಳಿಸುವ ಮೊದಲೇ ನನ್ನ ಕೈಯಲ್ಲಿದ್ದ ಯಂತ್ರ ನೋಡಿದಳು. ಬಚ್ಚಿಡಲು ಸಮಯವಿರಲಿಲ್ಲ. ಎಲ್ಲವನ್ನೂ ಒಪ್ಪಿಕೊಂಡೆ. ಮರುದಿನ ಮಲ್ಲಿಕಾರ್ಜುನ ಮಕ್ಕಳೊಂದಿಗೆ ಬರುವವನಿದ್ದ. ಅವಳು ಬೈಯಲಿಲ್ಲ, ಪಕ್ಕದಲ್ಲಿ ಕೂತು, "ಆಡ್ರಿ, ನೋಡೋಣು" ಎಂದಳು. ನಾನು ಮೊದಲ ಗೇಟಿಗೆ ಕೈ ಹಾಕಿದೆ.

"ಮ್ಯಾಲಿನ ಗೇಟ್ ಯಾಕ ಮೊದಲು ತಗೀತೀರಿ?"

"ನೀರು ಮ್ಯಾಲಿಂದ ಬರ್ತದ, ಮ್ಯಾಲಿಂದನ ತಗೀಬೇಕು. ನಿನಗ ತಿಳ್ಯಾಂಗಿಲ್ಲ, ಇದು ಆಫೀಸಿನ ಪದ್ಧತಿ."

"ಹೌದ್ರಿ, ನನಗೆಲ್ಲಿ ತಿಳೀತದ? ನಮ್ಮಪ್ಪನ ಹೊಲ ಕಾಲುವಿ ಕಡೀಗದ. ನಿಮ್ಮ ಪದ್ಧತಿ ನೋಡಿಕೋತ ಆ ಮನ್ಯಾಗ ಬೆಳದೀನಿ. ಮ್ಯಾಲಿನ ನಾಕೂ ಮುಚ್ರಿ. ಕಡೀದು ಮೊದಲು ತಗೀರಿ."

ಮುಚ್ಚಿದೆ, ತೆಗೆದೆ. ನೀರು ಸೀದಾ ಕೊನೆಗೆ ಹೋಗಿ ಹೊಂಡ ತುಂಬಿತು, ದೋಣಿ ತೇಲಿತು. ಒಕ್ಕಣ್ಣಿನವನನ್ನು ಆರು ಸಲ ಹೊಡೆದವನು ನಾನು, ದಾರಿ ಬಿಡಿಸಿದವಳು ಇವಳು. ನನಗೆ ಖುಷಿಯಾಗಬೇಕಿತ್ತು, ನಾಚಿಕೆಯಾಯಿತು. ಕೊನೆಯ ಹೊಲದಿಂದ ಶುರುಮಾಡಬೇಕು ಎಂದು ನಮ್ಮ ನಿಯಮದ ಪುಸ್ತಕದಲ್ಲೂ ಇದೆ. ಆದರೆ ಹಿಂದಿನ ವರ್ಷದ ಪಟ್ಟಿ ನೋಡಿ ಈ ವರ್ಷದ್ದು ಬರೆಯುವುದು ವಾಡಿಕೆ, ಆ ಹಿಂದಿನ ವರ್ಷದ್ದನ್ನೂ ಹಾಗೆಯೇ ಬರೆದವನು ನಾನೇ. ಮಾವನವರು ಒಮ್ಮೆ ಹೊಲಕ್ಕೆ ನೀರು ಕೇಳಲು ಕಚೇರಿಗೆ ಬಂದು ಬೆಂಚಿನ ಮೇಲೆ ಎರಡು ತಾಸು ಕೂತಿದ್ದರು. "ಮುಂದಿನ ಸರದಿಗೆ ಬರ್ತದ್ರಿ ಮಾವಾರ" ಎಂದು ಚಹಾ ಕುಡಿಸಿ ಕಳಿಸಿದ್ದೆ. ಅವರು ಚಹಾ ಚೆನ್ನಾಗಿತ್ತು ಎಂದು ಹೇಳಿ ಹೋಗಿದ್ದರು.

ಸಂಜೆಯೊಳಗೆ ಹಿಮದ ಅರಮನೆ ಮುಟ್ಟಿದೆವು. ಮರುದಿನ ಮಲ್ಲಿಕಾರ್ಜುನನ ಹಿರಿಯ ಮಗಳು ಭಾಗ್ಯ ಯಂತ್ರ ತೆರೆದಳು. "ಮಾಮಾ, ನಮ್ಮ ವೀರನ ಹೆಸರು ಬ್ಯಾರೆ ಇತ್ತು. ಇಲ್ಲಿ ನಿಮ್ಮ ಹೆಸರು ಅದ!" ಎಂದಳು. ಅಷ್ಟು ಕಷ್ಟಪಟ್ಟು ಅರಮನೆ ತಲುಪಿದ ನಾನು, ವೀರನಿಗೆ ನನ್ನ ಹೆಸರನ್ನೇ ಇಟ್ಟಿದ್ದೆ ಎಂಬುದನ್ನು ಮರೆತಿದ್ದೆ. ಮಲ್ಲಿಕಾರ್ಜುನ ನನ್ನನ್ನು ನೋಡಿದ. ಆದರೆ ಹುಡುಗಿಗೆ ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು. "ಆ ಐದು ಗೇಟಿಗೆ ನಾವು ತಿಂಗಳಗಟ್ಟಲೆ ಒದ್ದಾಡಿದ್ವಿ. ನೀವು ಹೆಂಗ ದಾಟಿಸಿದ್ರಿ?" ಎಂದಳು. ಹೊಗಳಿಕೆ ಕೇಳಿ ನನ್ನ ಬುದ್ಧಿ ಜಾರಿತು. "ಅದೇನ್ ದೊಡ್ಡ ಕೆಲಸ? ಕಡೀ ಗೇಟ್ ಮೊದಲು ತಗೀಬೇಕು. ಕಾಲುವಿ ಆಫೀಸಿನಾಗ ಇದ್ದವರಿಗೆ ಇದು ಗೊತ್ತಿರ್ತದ" ಎಂದೆ.

ಮಹಾದೇವಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. "ಕೇಳಿದೇನೋ ಮಲ್ಲು? ಅಪ್ಪಗ ಫೋನ್ ಹಚ್ಚಿ ಹೇಳು. ಈ ಸರದಿ ಕಡೀ ಹೊಲದಿಂದ ಶುರು ಆಗ್ತದಂತ. ನಿಮ್ಮ ಭಾವಾರ ಎಲ್ಲಾರ ಮುಂದ ಹೇಳ್ಯಾರ" ಎಂದಳು. ಅವನು ನಿಂತಲ್ಲೇ ಫೋನ್ ಹಚ್ಚಿದ.

ಸೋಮವಾರ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬರೆದೆ. ಸಾಹೇಬರು ನಿಯಮ ನೋಡಿ ಒಪ್ಪಿದರು. ಎರಡನೆಯ ಭಾಗದ ನಿಜವಾದ ಕೊರತೆ ಗೊತ್ತಾದದ್ದು ಗುರುವಾರ: ಅದರಲ್ಲಿ ಮೇಲಿನ ಗೇಟು ಮುಚ್ಚಿದರೆ ಮೇಲಿನ ಹೊಲದವರು ಟ್ರ್ಯಾಕ್ಟರ್ ಹತ್ತಿ ಬರುವುದಿಲ್ಲ. ನನ್ನ ಮೇಜಿನೆದುರು ಹನ್ನೊಂದು ಮಂದಿ ನಿಂತು, "ಯಾರ್ರಿ ಇದನ್ನ ಉಲ್ಟಾ ಬರದಾಂವ?" ಎಂದು ಕೇಳಿದರು. "ನಾನ ಬರದೀನ್ರಿ. ಉಲ್ಟಾ ಅಲ್ಲ, ಇದ ಸೀದಾ" ಎಂದೆ. ಕುರ್ಚಿಯಿಂದ ಏಳದೆ, ಸಾಹೇಬರಂತೆ ಕೂತೇ ಹೇಳಿದೆ ಎಂದು ಮಹಾದೇವಿಗೆ ತಿಳಿಸಿದ್ದೇನೆ. ಏಳಬೇಕೆಂದರೂ ಕಾಲು ಬರಲಿಲ್ಲ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.