ತಪ್ಪು ಒಪ್ಪಿಕೊಂಡವರು

ಹೈಸ್ಕೂಲು ಟೀಚರಿಗೆ ದಿನಕ್ಕೊಂದು ತಪ್ಪೊಪ್ಪಿಗೆ ಕೇಳುವ ಯೋಗ ಇದ್ದದ್ದೇ. ಭಟ್ಕಳ, ಹೊನ್ನಾವರ, ಕುಮಟಾ ಎಂದು ವರ್ಗವಾಗುತ್ತ ಬಂದ ನನಗೆ ಒಂದು ತಿಳಿದಿದೆ. ತಪ್ಪು ಎಲ್ಲ ಊರಲ್ಲೂ ಒಂದೇ, ಅದಕ್ಕೆ ಮುಖ ಸಣ್ಣ ಮಾಡಿಕೊಳ್ಳುವ ರೀತಿ ಮಾತ್ರ ಮನೆಯಿಂದ ಮನೆಗೆ ಬೇರೆ.

ಮೊದಲು ಪೆಟ್ಟು

ಭಟ್ಕಳದಲ್ಲಿದ್ದಾಗ ಮುಟ್ಟಳ್ಳಿಯ ಹುಡುಗನೊಬ್ಬ ಚೆಂಡು ಹೊಡೆದು ಕ್ಲಾಸಿನ ಕಿಟಕಿ ಗಾಜು ಒಡೆದ. ಕರೆದದ್ದೇ ತಡ, ಬಂದು ಕೈ ಚಾಚಿ ಕಣ್ಣು ಮುಚ್ಚಿದ. ಅವನ ಅಪ್ಪ ಮೊದಲು ಬಾರಿಸಿ ಆಮೇಲೆ ವಿಚಾರಿಸುವವರು. "ನಾನು ಹೊಡೆಯುವುದಿಲ್ಲ, ಹೋಗು" ಎಂದೆ. ಹತ್ತು ನಿಮಿಷಕ್ಕೆ ಮತ್ತೆ ಬಾಗಿಲಲ್ಲಿ ನಿಂತಿದ್ದ.

"ಇನ್ನೆಂತ?"

"ಒಂದು ಕೊಟ್ಬಿಡಿ ಟೀಚರ್. ಇಲ್ದಿದ್ರೆ ದಿನವಿಡೀ ಅದೇ ನೆನಪಾಗ್ತದೆ."

ಊಟ ಬಿಡುವ ಅಮ್ಮ

ಹೊನ್ನಾವರದಲ್ಲಿ ಒಂಬತ್ತನೆಯ ತರಗತಿಯ ಹುಡುಗಿ ಕಾಪಿ ಹೊಡೆದು ಸಿಕ್ಕಿಬಿದ್ದಳು. ಅಮ್ಮನಿಗೆ ಫೋನ್ ಮಾಡುತ್ತೇನೆ ಎಂದದ್ದಕ್ಕೆ ಅಳು ಶುರು.

"ಬೈತಾರಾ?"

"ಬೈಯುದಿಲ್ಲ ಟೀಚರ್. ಮಾತಾಡದೆ ಊಟ ಬಿಡ್ತಾರೆ."

ಎತ್ತಿಕೊಂಡಿದ್ದ ಫೋನನ್ನು ಕೆಳಗಿಟ್ಟೆ. ಹುಡುಗಿ ಮೂಗು ಒರೆಸಿಕೊಂಡಳು. "ನಾಳೆ ಹೇಳಿ ಟೀಚರ್. ಇವತ್ತು ಬಂಗ್ಡೆ ಸಾರು, ಅಮ್ಮನಿಗೆ ಭಾರೀ ಇಷ್ಟ. ನಾಳೆ ಹೇಗೂ ಸಂಕಷ್ಟಿ ಉಪವಾಸ."

ನಮ್ಮ ಮನೆಯ ಇಲಿ

ಇಷ್ಟೆಲ್ಲ ನೋಡಿದ ನಾನು ಕುಮಟೆಯಲ್ಲಿ ನನ್ನ ಮಗಳಿಗೆ ಹೊಡೆಯಲೂ ಇಲ್ಲ, ಊಟ ಬಿಡಲೂ ಇಲ್ಲ. ಒಂದೇ ನಿಯಮ: ತಪ್ಪು ಮಾಡಿದವರು ಎದುರಿಗೇ ಹೋಗಿ ಬಾಯಿಬಿಟ್ಟು ಹೇಳಬೇಕು. ಈ ನಿಯಮದ ಬಗ್ಗೆ ನನಗೆ ಹೆಮ್ಮೆಯೋ ಹೆಮ್ಮೆ.

ಪಕ್ಕದ ಮನೆಯ ಅಕ್ಕ ಮಳೆಗಾಲಕ್ಕೆಂದು ಕೊಂಡ ಸಿಹಿ ಈರುಳ್ಳಿಯ ಗೊಂಚಲುಗಳನ್ನು ನಮ್ಮ ಜಗಲಿಯಲ್ಲಿ ತೂಗುಹಾಕಿದ್ದರು. ಅವರ ಮನೆಗೆ ಹಂಚು ಹೊದಿಸುವ ಕೆಲಸ ನಡೆದಿತ್ತು. ಒಂದು ದಿನ ನಮ್ಮಲ್ಲಿ ಈರುಳ್ಳಿ ಮುಗಿದಿತ್ತು, ಮಗಳ ಎದುರೇ ನಾಲ್ಕು ಕಿತ್ತೆ. ಹೇಳಿದರಾಯಿತು ಅಂದುಕೊಂಡು ಮರೆತೆ.

ಮರುದಿನ ಅಕ್ಕ ಕೇಳಿದರು, "ಗೊಂಚಲು ಎಂತಕ್ಕೆ ಸಪೂರ ಆಗಿದೆ ಮಾರಾಯ್ತಿ?"

"ಇಲಿ ಇರ್ಬೇಕು ಅಕ್ಕ" ಎಂದುಬಿಟ್ಟೆ.

ಅಲ್ಲೇ ಓದುತ್ತಿದ್ದ ಮಗಳು ತಲೆ ಎತ್ತಿ ನೋಡಿದಳು. ಆ ನೋಟಕ್ಕಿಂತ ಮುಟ್ಟಳ್ಳಿಯ ಅಪ್ಪನ ಪೆಟ್ಟೇ ವಾಸಿ. ನನ್ನ ಮಾನ ಉಳಿಯಬೇಕೋ, ನಿಯಮ ಉಳಿಯಬೇಕೋ ಎಂದು ಮಧ್ಯಾಹ್ನವಿಡೀ ಒದ್ದಾಡಿದೆ.

ಸಂಜೆ ಅಕ್ಕ ಪ್ರೀತಿಯಿಂದ ಇಲಿ ಬೋನು ಹಿಡಿದು ಬಂದರು. ಮಗಳು ಜಗಲಿಯಿಂದಲೇ ಕೂಗಿದಳು, "ಅಮ್ಮಾ, ಬೋನು ಬಂತು. ನೀನೇ ಹೊರಗೆ ಬಾ."

ಹೋದೆ. ತಲೆ ತಗ್ಗಿಸಿ ಎಲ್ಲ ಹೇಳಿದೆ. ಯಾಕೋ ಕೈ ತಾನಾಗಿಯೇ ಮುಂದೆ ಚಾಚಿತ್ತು.

ಅಕ್ಕ ಬೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕರು. "ಆತು ಬಿಡು. ಬರುವ ವರ್ಷವೂ ಇಲ್ಲೇ ಕಟ್ತೇನೆ. ತಪ್ಪು ಒಪ್ಕೊಳ್ಳುವ ಇಲಿ ಬೇರೆ ಯಾರ ಮನೇಲಿ ಸಿಗ್ತದೆ?"