ಎಲೆ ಉದುರಿಸದ ಮ್ಯಾಗ್ನೋಲಿಯಾ

ಹೊಟ್ಟೆಕಿಚ್ಚು ಪಡಲು ದೂರದವರು ಆಗುವುದಿಲ್ಲ, ಕಾಂಪೌಂಡ್ ಗೋಡೆ ಹಂಚಿಕೊಂಡವರೇ ಬೇಕು. ಬನಶಂಕರಿಯಲ್ಲಿ ನನಗೆ ಶ್ರೀಕಂಠಯ್ಯನವರು ಸಿಕ್ಕಿದ್ದಾರೆ. ಅವರ ನಡುಮನೆಯ ಗೋಡೆಯ ಫೋಟೋಗಳಲ್ಲಿ ತಾತ, ತಂದೆ, ಮಗ ಮೂವರೂ ಪದವಿಯ ಗೌನು ತೊಟ್ಟು ಸಾಲಾಗಿ ನಿಂತಿದ್ದಾರೆ. ನಮ್ಮ ವಂಶದಲ್ಲಿ ಆ ಗೌನು ತೊಟ್ಟವನು ನಾನೊಬ್ಬನೇ, ಅದೂ ಬಾಡಿಗೆಯದು. ಆದರೆ ನಾನು ಓದಿದ್ದು ಬಾಟನಿ. ಗಿಡದ ವಿಷಯದಲ್ಲಾದರೂ ಅವರು ನನ್ನ ಹಿಂದಿರಲಿ ಎಂಬುದು ನನ್ನ ಸಣ್ಣ ಆಸೆ.

ಹೋದ ವರ್ಷ ದಸರಾ ಮುಗಿದ ಮೇಲೆ ಅವರು ಹಿಮಾಚಲದಿಂದ ಮ್ಯಾಗ್ನೋಲಿಯಾ ಬೀಜ ತಂದರು. "ನಿಮಗೂ ಒಂದೆರಡು ಇರ್ಲಿ ಸಾರ್. ಕೆಂಪು ಸಿಪ್ಪೆ ತೊಳೆದು, ಒದ್ದೆ ಮರಳಲ್ಲಿ ಹಾಕಿ ಮೂರು ತಿಂಗ್ಳು ಫ್ರಿಜ್ಜಲ್ಲಿಡಿ. ಮರದ ಸ್ವಭಾವ ನಿಮಗೆ ಹೇಳ್ಬೇಕಾ, ಬಾಟನಿ ಓದಿರೋರು" ಎಂದರು. ಬೀಜ ತೆಗೆದುಕೊಂಡು, ಸ್ವಭಾವ ಹೇಳುವುದು ಬೇಡ ಎಂದೆ. ಅದೊಂದನ್ನು ಹೇಳಿಸಿಕೊಂಡಿದ್ದರೆ ಇದನ್ನು ಬರೆಯುವ ಗತಿ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಇಬ್ಬರೂ ಬಿತ್ತಿದೆವು. ನನ್ನದೇ ಮೊದಲು ಮೊಳೆಯಿತು, ನನ್ನದೇ ಎತ್ತರ ಬೆಳೆಯಿತು. ಈ ಚಳಿಗೆ ಅವರ ಗಿಡ ಎಲೆಯೆಲ್ಲ ಕಳೆದುಕೊಂಡು ಕಡ್ಡಿಯಾದಾಗ, ಮುಖ ಸಣ್ಣದು ಮಾಡಿಕೊಂಡು ವಿಚಾರಿಸಲು ಹೋದೆ. "ಬೇಜಾರ್ ಮಾಡ್ಕೋಬೇಡಿ ಸಾರ್. ನಮ್ದು ಹಚ್ಚಗಿದೆ."

"ಸತ್ತಿಲ್ಲ ಸಾರ್. ಈ ಜಾತಿ ಚಳೀಲಿ ಎಲೆ ಉದುರಿಸ್ಲೇಬೇಕು. ನಿಮ್ದು ಇನ್ನೂ ಉದುರಿಸಿಲ್ವಾ? ನಾಳೆ ಬಂದು ನೋಡ್ತೀನಿ."

ಮನೆಗೆ ಬಂದು ಹೆಂಡತಿ ಸರೋಜಳಿಗೆ ಹೇಳಿದೆ. ಅವಳು ಸುಲಿಯುತ್ತಿದ್ದ ಅವರೆಕಾಯಿಯಿಂದ ತಲೆಯೆತ್ತಲಿಲ್ಲ. "ಹೋದ ವರ್ಷ ದೀಪಾವಳಿಗೆ ಫ್ರಿಜ್ ತೊಳೆಯುವಾಗ ಆ ಮರಳು ಡಬ್ಬಿ ಚೆಲ್ಲಿಬಿಟ್ಟಿದ್ದೆ ಕಣ್ರೀ. ನೀವು ಊಟ ಬಿಡ್ತೀರಾ ಅಂತ ದೇವಸ್ಥಾನದ ಸಂಪಿಗೆ ಬೀಜ ತೊಳೆದು ಹಾಕಿಟ್ಟೆ. ಸಿಪ್ಪೆ ಹೋದ್ರೆ ಎರಡೂ ಒಂದೇ ಥರ ಕಪ್ಪಗಿರ್ತವೆ."

"ಅವತ್ತಿಂದ ನೀರು ಹಾಕ್ತಿದೀನಲ್ಲೇ, ಹೇಳ್ಬಾರ್ದಿತ್ತಾ?"

"ಓದಿರೋರು, ಎಲೆ ನೋಡಿದ್ರೆ ಗೊತ್ತಾಗತ್ತೆ ಅನ್ಕೊಂಡೆ."

ಅಂದು ಸಂಜೆಯೇ ಎಲೆಗಳನ್ನೆಲ್ಲ ಕಿತ್ತೆ. ಮರುದಿನ ಶ್ರೀಕಂಠಯ್ಯನವರು ನನ್ನ ಬೋಳು ಕಡ್ಡಿಯನ್ನು ಬಹಳ ಹೊತ್ತು ನೋಡಿದರು. "ನಮ್ದು ಉದುರೋಕೆ ಒಂದು ತಿಂಗ್ಳು ತಗೊಂಡ್ತು ಸಾರ್. ನಿಮ್ದು ಎಷ್ಟು ನೀಟಾಗಿ ಉದುರಿದೆ" ಎಂದರು. ಅವರ ಮುಖದಲ್ಲಿದ್ದದ್ದು ಹೊಟ್ಟೆಕಿಚ್ಚು. ಅದರ ಗುರುತು ನನಗಲ್ಲದೆ ಇನ್ನಾರಿಗೆ ಸಿಗಬೇಕು.

ತೊಂದರೆ ಒಂದೇ, ಸಂಪಿಗೆ ಸುಮ್ಮನಿರುವುದಿಲ್ಲ, ಚಿಗುರುತ್ತದೆ. ಅವರದು ಚಿಗುರುವವರೆಗೂ, ಅವರು ವಾಕಿಂಗ್ ಹೋದ ಹೊತ್ತು ನೋಡಿಕೊಂಡು ದಿನಾ ಕೀಳುತ್ತಿದ್ದೇನೆ. ತೊಟ್ಟಿನ ಬುಡದಲ್ಲೇ ಮುರಿದರೆ ತಾನಾಗಿ ಉದುರಿದಂತೆ ಕಾಣುತ್ತದೆ. ಓದಿದ ಬಾಟನಿ ಯಾವುದಕ್ಕೂ ಬರಲಿಲ್ಲ ಎಂದು ಇನ್ನು ಯಾರೂ ಅನ್ನುವಂತಿಲ್ಲ.