ಚಿಕ್ಕಪ್ಪನ ಇಪ್ಪತ್ತು ವರ್ಷದ ಲೋಡು

ನಮ್ಮ ಚಿಕ್ಕಪ್ಪನಿಗೆ ನಾಳೆ ಬೆಳಿಗ್ಗೆ ಮನೆಯಲ್ಲಿ ಏನು ತಿಂಡಿ ಎನ್ನುವುದು ಗೊತ್ತಿರುವುದಿಲ್ಲ. ಇಪ್ಪತ್ತು ವರ್ಷದ ಮೇಲೆ ಅದೇ ತಿಂಡಿಗೆ ಎಷ್ಟು ಕರೆಂಟು ಬೇಕಾಗುತ್ತದೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತು!

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದವರು. ಮುಂದಿನ ವರ್ಷಗಳಿಗೆ ಎಷ್ಟು ವಿದ್ಯುತ್ ಬೇಕಾದೀತು ಎಂದು ಆಫೀಸಿನವರು ಕಂಪ್ಯೂಟರ್ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದರೆ, ಇವರು ಕ್ಯಾಂಟೀನಿಗೆ ಹೋಗಿ ಅನ್ನದ ಪಾತ್ರೆ ನೋಡಿ ಬರುತ್ತಿದ್ದರಂತೆ. ಪಾತ್ರೆ ದೊಡ್ಡದಾದರೆ ಜನ ಹೆಚ್ಚುತ್ತಾರೆ, ಜನ ಹೆಚ್ಚಿದರೆ ಮಿಷಿನ್ನು ಬರುತ್ತದೆ! "ಸಾಹೇಬ್ರು ಬಾಯಲ್ ಏಳೋದ ನಂಬ್ಬಾರ್ದು ಕಣವ್ವ, ಗೇಟಿನ್ ವಳಕ್ಕೆ ಏನ್ ತತ್ತಾವ್ರೆ ಅಂತ ನೋಡ್ಬೇಕು" ಎನ್ನುವುದು ಅವರ ವೇದವಾಕ್ಯ.

ರಿಟೈರಾದ ಮೇಲೆ ಈ ಹುಚ್ಚಿಗೆ ಸಿಕ್ಕಿಬಿದ್ದವರು ನಾವು. ಯಾವ ವರ್ಷ ಮನೆಗೆ ಎಷ್ಟು ಕರೆಂಟಿನ ಲೋಡು ಎಂದು ಬರೆದ ಇಪ್ಪತ್ತು ವರ್ಷದ ಚಾರ್ಟು ಗೋಡೆಗೆ ಬಂತು. ಗೀಸರು, ನೀರಿನ ಮೋಟರು, ಗ್ರೈಂಡರು ಒಟ್ಟಿಗೆ ಓಡುವಂತಿಲ್ಲ, ಮೂರಕ್ಕೂ ಶಿಫ್ಟು! ದೋಸೆ ಹಿಟ್ಟಿಗೆ ಸೆಕೆಂಡ್ ಶಿಫ್ಟು. "ನೆಂದ ಉದ್ದಿನಬೇಳೆ ನಿಮ್ ಶಿಫ್ಟಿಗೆ ಕಾಯ್ಕೊಂಡ್ ಕೂತಿರ್ತದಾ? ನೀವೇ ಬಂದು ಒರಳಲ್ಲಿ ರುಬ್ರಿ!" ಎಂದು ಚಿಕ್ಕಮ್ಮ ಕೂಗಿದ ದಿನ, ಮಧ್ಯಾಹ್ನದೊಳಗೆ ಚಾರ್ಟಿಗೆ ತಿದ್ದುಪಡಿಯಾಯಿತು.

ನನ್ನನ್ನು ನೋಡಲು ಟಿ. ನರಸೀಪುರದಿಂದ ಗಂಡಿನವರು ಬಂದಾಗ, ಸಂಬಳ ಎಷ್ಟು, ಜಮೀನು ಎಷ್ಟು ಎಂದು ಕೇಳುವುದು ಬಿಟ್ಟು ಈ ಮಹಾನುಭಾವರು ಕೇಳಿದ್ದೇನು? "ನಿಮ್ ಮನೆ ಮಿಕ್ಸಿ ಎಷ್ಟು ವ್ಯಾಟು?" ವರ ಕಣ್ಣುಕಣ್ಣು ಬಿಟ್ಟ. ಚಿಕ್ಕಪ್ಪ ನನ್ನ ಕಿವಿಯಲ್ಲಿ, "ಇವ್ನು ಅಡುಗೆಮನೆಗೆ ಕಾಲೇ ಇಕ್ಕಿಲ್ಲ ಕಣವ್ವ" ಎಂದರು. ಗಂಡಿನವರು ಹೋದ ಮೇಲೆ ಅದನ್ನು ಹೇಳಿಕೊಂಡು ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಗಬಾರದಿತ್ತು.

ಅದೇ ವರನನ್ನು ಕಟ್ಟಿಕೊಂಡು ಆರು ವರ್ಷದ ಮೇಲೆ, ಆ ಮನೆಯ ಸಹವಾಸ ಸಾಕಪ್ಪಾ ಸಾಕು ಎಂದು ಚಿಕ್ಕಪ್ಪನ ಬಾಗಿಲಿಗೆ ಬಂದು ಇಳಿದೆ. ಅಪ್ಪ ಅಮ್ಮ ಇಲ್ಲದ ನನಗೆ ಇರುವುದು ಅದೊಂದೇ ಮನೆ. ಎಷ್ಟು ದಿನ ಇರುತ್ತೀಯಾ ಎಂದು ಅವರೂ ಕೇಳಿಬಿಟ್ಟರೆ ಎಲ್ಲಿಗೆ ಹೋಗಲಿ? ಕೇಳುವ ಮೊದಲೇ, "ನಾಲ್ಕು ದಿನ ಇದ್ದು ಹೋಗ್ತೀನಿ ಚಿಕ್ಕಪ್ಪ" ಎಂದೆ. ಅವರು ನನ್ನ ಮುಖ ನೋಡಲೇ ಇಲ್ಲ. ಆಟೋದೊಳಗೆ ಬಗ್ಗಿ ನನ್ನ ಹೊಲಿಗೆ ಮಿಷಿನ್ನು ನೋಡಿದರು. "ಇದ್ರ ಮೋಟರ್ ಎಷ್ಟು ವ್ಯಾಟು?" ಎಂದರು. ಆಹಾ, ಎಂಥ ಸ್ವಾಗತ! ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

ವಾರ ಕಳೆದಿರಲಿಲ್ಲ, ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಏನಣ್ಣಾ, ಮಗಳು ಇನ್ನೂ ಎಷ್ಟು ದಿನ ಇರ್ತಾಳೆ?"

ನಾನು ತಲೆ ತಗ್ಗಿಸಿದೆ. ಚಿಕ್ಕಪ್ಪ, "ಬಾವ್ವ ವಳಕ್ಕೆ, ಚಾರ್ಟ್ ನೋಡ್ಬುಟ್ಟು ಓಗು" ಎಂದರು.

"ಅಯ್ಯೋ, ಆಲು ಉಕ್ತದೆ, ಒಲೆ ಮೇಲಿಟ್ಟು ಬಂದಿವ್ನಿ ಕಣಣ್ಣಾ!" ಎಂದು ಆಕೆ ಮಾಯ. ಆ ಚಾರ್ಟಿಗೆ ಹೆದರದವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ?

ಕೊನೆಗೆ ನಾನೇ ಹೋಗಿ ನೋಡಿದೆ. ನನ್ನ ಹೆಸರಿನಲ್ಲಿ ಹೊಸ ಸಾಲು ಬರೆದಿದ್ದರು. ಈ ವರ್ಷ ಹೊಲಿಗೆ ಮಿಷಿನ್ನು, ಫ್ಯಾನು. ಐದನೇ ವರ್ಷಕ್ಕೆ ಇನ್ನೂ ಎರಡು ಮಿಷಿನ್ನು. ಹತ್ತನೆಯದಕ್ಕೆ ಇಸ್ತ್ರಿ ಟೇಬಲ್ಲು. ಇಪ್ಪತ್ತನೇ ವರ್ಷಕ್ಕೆ, "ಮಂಡಿನೋವಿಗೆ ಹೀಟಿಂಗ್ ಪ್ಯಾಡು."

"ನನಗ್ಯಾಕೆ ಚಿಕ್ಕಪ್ಪ ಮಂಡಿನೋವು?"

"ಆಗ ನಿಂಗೆ ಐವತ್ತೈದಲ್ವಾ? ನಮ್ ವಂಶದಲ್ಲಿ ಎಲ್ರಿಗೂ ಬತ್ತದೆ. ನಿನ್ ರೂಮಲ್ಲಿ ಥಂಡಿ ಬ್ಯಾರೆ ಜಾಸ್ತಿ."

ನನ್ನ ರೂಮು ಎಂದರು. ಅಲ್ಲೇ ಗೋಡೆಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ.